ಮನ್ಯಾಗಿನ ಅಂಗವಿಕಲರಿಗೆ ಮರೆವು ಶುರುವಾದ್ರ ಏನ್ ಮಾಡಬೇಕು

ನಮ್ಮ ಕೊಪ್ಪಳ ಕಡೆ ಅಂಗವಿಕಲರಿಗೆ ಮರೆವು ಬಂದ್ರ "ಅದೂ ಅದ್ರಾಗೇ ಬಂತು ಬಿಡ್ರಿ" ಅಂತ ಸುಮ್ನಾಗ್ತಾರ, ಇದು ಭಾಳ ತಪ್ಪು. ಮೊದ್ಲು ಒಂದು ತಿಂಗಳು ನೋಟ್‌ಬುಕ್‌ನಾಗ ಬರ್ದಿಡ್ರಿ, ಅದೇ ಮಾತು ಎಷ್ಟು ಸಲ ಕೇಳಿದ್ರು, ಗುಳಿಗಿ ಮರೆತ್ರಾ, ಪೆನ್ಶನ್ ರೊಕ್ಕದ ಲೆಕ್ಕ ತಪ್ಪಿತಾ ಅಂತ. ಹೋಲಿಸೋದು ಅವ್ರು ಮೊದ್ಲು ಹೆಂಗಿದ್ರೋ ಅದಕ್ಕ, ಬ್ಯಾರೆಯವ್ರ ಜೊತಿ ಅಲ್ಲ. ದಿನದ ಕೆಲಸ ನಡದು ನೆನಪಷ್ಟ ಕಮ್ಮಿ ಆಗಿದ್ರ ಸೌಮ್ಯ ಮರೆವು ಇರಬಹುದು, ಎಲ್ಲಾರಿಗೂ ಡಿಮೆನ್ಷಿಯಾ (ದಿನದ ಕೆಲಸಕ್ಕೂ ಅಡ್ಡಿ ಆಗೋವಷ್ಟು ನೆನಪು, ಬುದ್ಧಿ ಕುಂದೋದು) ಆಗೂದಿಲ್ರಿ.

ಆಮ್ಯಾಲ ಬಿಪಿ, ಶುಗರ್, ಥೈರಾಯ್ಡ್, ವಿಟಮಿನ್ ಬಿ12 ಚೆಕ್ ಮಾಡಸ್ರಿ, ಕೊನಿ ಎರಡರ ತೊಂದ್ರಿ ಇದ್ರ ಔಷಧದಿಂದ ನೆನಪು ಸುಧಾರಿಸಬಹುದು. ಕಿವಿ, ಕಣ್ಣು ಬಿಡಬ್ಯಾಡ್ರಿ. 2024ರಾಗ ಲ್ಯಾನ್ಸೆಟ್ ಕಮಿಷನ್ (ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ತಜ್ಞರ ತಂಡ) ಹೇಳಿದ, ಡಿಮೆನ್ಷಿಯಾ ಬರೋ ಸಾಧ್ಯತೆ ಹೆಚ್ಚಿಸೋ 14 ಕಾರಣದಾಗ ಕಿವುಡು, ಮಂದ ದೃಷ್ಟಿ, ಒಂಟಿತನ, ಮೈ ಆಡಿಸದಿರೋದು ಎಲ್ಲಾ ಅದಾವ, ನಾಲ್ಕು ಗ್ವಾಡಿ ನಡುವ ಕುಂತವ್ರಿಗೆ ಇವೇ ಜಾಸ್ತಿ. ಡೌನ್ ಸಿಂಡ್ರೋಮ್ (ಹುಟ್ಟಿನಿಂದ ಒಂದು ಕ್ರೋಮೋಸೋಮ್ ಹೆಚ್ಚಿರೋದು) ಇದ್ದವ್ರಿಗಂತೂ 40 ದಾಟಿದ ಮ್ಯಾಲ ಪ್ರತಿ ವರ್ಷ ತೋರಸ್ರಿ, ಅಲ್ಝೈಮರ್ (ಡಿಮೆನ್ಷಿಯಾ ತರೋ ಮಿದುಳಿನ ರೋಗ) ಅವ್ರಿಗೆ ಬೇಗ ಬರತೈತಿ.

ನೆನಪಿನ ಟೆಸ್ಟ್‌ನಾಗ ಗಡಿಯಾರದ ಚಿತ್ರ ಬರಿಸ್ತಾರ, ಕೈಯಾಗ ಶಕ್ತಿ ಇಲ್ಲ, ಕಣ್ಣು ಕಾಣ್ಸಲ್ಲ ಅಂತ ಡಾಕ್ಟರ್‌ಗೆ ಮೊದ್ಲೇ ಹೇಳ್ರಿ, ಇಲ್ಲಂದ್ರ ಮಾರ್ಕ್ಸ್ ಸುಳ್ಳೇ ಕಮ್ಮಿ ಬರತಾವ. ನಿದ್ದಿ ಗುಳಿಗಿ, ಫಿಟ್ಸ್ ಗುಳಿಗಿ ಚೀಟಿನೂ ಒಯ್ರಿ, ಅವುಗಳಿಂದನೂ ಮರೆವು ಬರಬಹುದು, ಆದ್ರ ಗುಳಿಗಿ ನೀವಾಗೇ ನಿಲ್ಲಸಬ್ಯಾಡ್ರಿ. ಸಂಜಿಗೆ ವೀಲ್‌ಚೇರ್ ಕಟ್ಟಿ ಹತ್ರ ತಂದು ನಾಲ್ಕು ಮಂದಿ ಜೊತಿ ಮಾತಾಡಸ್ರಿ.