ಎಸ್ಟರ್ ಕೆಡದಂತೆ ಗ್ರಿನ್ಯಾರ್ ಮಾಡುವ ಬಗೆ: ನನ್ನ ಅನುಭವ

‘ಎಸ್ಟರ್ ಅದಲ್ರೀ ಸರ್, ಗ್ರಿನ್ಯಾರ್ ಹಾಕಿದ್ರ ಅದನ್ನ ಬಿಡ್ತದೇನ್ರೀ?’ ಎಂಎಸ್ಸಿ ಮುಗಿಸಿ ರಾಯಚೂರಿನ ನಮ್ಮ ಲ್ಯಾಬ್‌ಗೆ ಬರುವ ಹುಡುಗರು ಹೀಗೆ ಕೇಳುತ್ತಾರೆ. ಕೇಳಬೇಕಾದದ್ದೇ. ಎಸ್ಟರ್‌ಗೆ ಗ್ರಿನ್ಯಾರ್, ಅಂದರೆ ಇಂಗಾಲಕ್ಕೆ ಮೆಗ್ನೀಸಿಯಂ ಬೆಸೆದ ಕಾರಕ, ಎರಡು ಸಲ ಸೇರಿ ತೃತೀಯಕ ಆಲ್ಕೋಹಾಲ್ ಆಗುತ್ತದೆ ಎಂದೇ ಎಲ್ಲರೂ ಓದಿರುತ್ತಾರೆ. ಅದು ಸುಳ್ಳಲ್ಲ. ಆದರೆ ಯಾವ ಉಷ್ಣತೆಯಲ್ಲಿ, ಎಷ್ಟು ಹೊತ್ತಿನಲ್ಲಿ ಎಂಬುದನ್ನು ಆ ಸಾಲು ಹೇಳುವುದಿಲ್ಲ. ನಮ್ಮ ಕೆಲಸವೆಲ್ಲ ನಿಂತಿರುವುದು ಅದರ ಮೇಲೆಯೇ.

ವಿಕ್ಟರ್ ಗ್ರಿನ್ಯಾರ್ 1900ರಲ್ಲಿ ತೋರಿಸಿದ ದಾರಿಯಲ್ಲಿ ಮೆಗ್ನೀಸಿಯಂ ಚೂರು, ಹ್ಯಾಲೈಡ್ (ಕ್ಲೋರೀನ್, ಬ್ರೋಮೀನ್ ಅಥವಾ ಅಯೋಡೀನ್ ಇರುವ ಇಂಗಾಲದ ಸಂಯುಕ್ತ), ದ್ರಾವಕವಾಗಿ ಈಥರ್ ಇರುತ್ತವೆ. ಈಥರ್ ಕುದಿಯುವುದು 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರಿನ ಬಿಸಿಲೇ 40 ದಾಟುತ್ತದೆ. ಹಾಗಾಗಿ ನಾನು 66 ಡಿಗ್ರಿಗೆ ಕುದಿಯುವ ಟಿಎಚ್‌ಎಫ್ (ಟೆಟ್ರಾಹೈಡ್ರೊಫ್ಯೂರಾನ್) ದ್ರಾವಕವನ್ನೇ ಬಳಸುತ್ತೇನೆ. ಆದರೆ ದ್ರಾವಕ ಬದಲಾದ ಮಾತ್ರಕ್ಕೆ ಎಸ್ಟರ್ ಉಳಿಯುವುದಿಲ್ಲ. ಲೋಹ ಕ್ರಿಯೆ ಶುರುಮಾಡಲು ಸಾಮಾನ್ಯವಾಗಿ ಶಾಖ ಬೇಕು, ಆ ಶಾಖದಲ್ಲಿ ಹುಟ್ಟಿದ ಕಾರಕ ಪಕ್ಕದ ಅಣುವಿನ ಎಸ್ಟರ್ ಮೇಲೆ ಬೀಳುತ್ತದೆ.

ಅದಕ್ಕೆ ಲೋಹವನ್ನೇ ಬಿಟ್ಟು ವಿನಿಮಯಕ್ಕೆ ಹೋಗಬೇಕು, ಅಂದರೆ ಸಿದ್ಧ ಗ್ರಿನ್ಯಾರ್‌ನ ಮೆಗ್ನೀಸಿಯಂ ನಮ್ಮ ಅಣುವಿನ ಅಯೋಡೀನ್ ಅಥವಾ ಬ್ರೋಮೀನ್ ಜಾಗಕ್ಕೆ ಬರುವಂತೆ ಮಾಡಬೇಕು. ರಸಾಯನಶಾಸ್ತ್ರಜ್ಞ ಪಾಲ್ ಕ್ನೋಖೆಲ್ ಅವರ ತಂಡ 2004ರಲ್ಲಿ ಐಸೊಪ್ರೊಪೈಲ್ ಮೆಗ್ನೀಸಿಯಂ ಕ್ಲೋರೈಡ್‌ಗೆ ಲಿಥಿಯಂ ಕ್ಲೋರೈಡ್ ಜೊತೆಗೂಡಿಸಿದ ಕಾರಕವನ್ನು ಪ್ರಕಟಿಸಿತು. ಈಗ ಅದನ್ನು ಟರ್ಬೊ ಗ್ರಿನ್ಯಾರ್ ಎನ್ನುತ್ತೇವೆ. ಲಿಥಿಯಂ ಕ್ಲೋರೈಡ್ ಕಾರಕದ ಗುಂಪುಗಟ್ಟುವಿಕೆಯನ್ನು ಒಡೆಯುತ್ತದೆ, ವಿನಿಮಯ ಚುರುಕಾಗುತ್ತದೆ. ನನಗೆ ತುಂಬ ಹಿಡಿಸಿದ ಸಂಗತಿ ಇನ್ನೊಂದಿದೆ. ನಾವು ಹೆದರುವ ಎಸ್ಟರೇ ಇಲ್ಲಿ ನೆರವಿಗೆ ಬರುತ್ತದೆ! ಅದು ಬೆಂಜೀನ್ ಉಂಗುರದಿಂದ ಎಲೆಕ್ಟ್ರಾನ್ ಎಳೆದುಕೊಳ್ಳುವುದರಿಂದ ಉಂಗುರ ಅಯೋಡೀನನ್ನು ಬೇಗ ಬಿಟ್ಟುಕೊಡುತ್ತದೆ, ಹುಟ್ಟಿದ ಅರೈಲ್ ಮೆಗ್ನೀಸಿಯಂ (ಉಂಗುರಕ್ಕೆ ಮೆಗ್ನೀಸಿಯಂ ಸೇರಿದ ಕಾರಕ) ಕೂಡ ಕೊಂಚ ಸೌಮ್ಯವಾಗುತ್ತದೆ.

ಹುಡುಗರಿಗೆ ನಾನು ಮಾಡಿ ತೋರಿಸುವುದು ಹೀಗೆ. 2.76 ಗ್ರಾಂ ಈಥೈಲ್ 4-ಅಯೋಡೊಬೆಂಜೊಯೇಟ್, ಅಂದರೆ 10 ಮಿಲಿಮೋಲ್, ಒಣಗಿಸಿದ ಫ್ಲಾಸ್ಕಿನಲ್ಲಿ ನೈಟ್ರೊಜನ್ ಕೆಳಗೆ 10 ಮಿಲಿಲೀಟರ್ ಒಣ ಟಿಎಚ್‌ಎಫ್‌ನಲ್ಲಿ ಕರಗಿಸುತ್ತೇನೆ. ಪುಡಿ ಮಾಡಿದ ಐಸ್ ಮೂರು ಪಾಲು, ಹರಳುಪ್ಪು ಒಂದು ಪಾಲು ಚೆನ್ನಾಗಿ ಬೆರೆಸಿದರೆ ಬಾತ್ (ಫ್ಲಾಸ್ಕ್ ಇಡುವ ತಣ್ಣನೆಯ ತೊಟ್ಟಿ) ಮೈನಸ್ 20ರ ಹತ್ತಿರ ಇಳಿಯುತ್ತದೆ. ಬೇಸಿಗೆಯಲ್ಲಿ ಅದು ಬೇಗ ಏರುತ್ತದೆ, ಆದ್ದರಿಂದ ಥರ್ಮಾಮೀಟರ್ ಬಾತ್‌ನಲ್ಲಲ್ಲ, ಫ್ಲಾಸ್ಕಿನ ಒಳಗೇ ಇರಬೇಕು. ಟರ್ಬೊ ಕಾರಕದ ಸಾಂದ್ರತೆ 1.3 ಮೋಲಾರ್ ಇದ್ದರೆ 8.1 ಮಿಲಿಲೀಟರ್ ಸಾಕು, ಹನಿಹನಿಯಾಗಿ.

ಬಾಟಲಿಯ ಮೇಲಿನ ಅಂಕಿಯನ್ನು ಮಾತ್ರ ನಂಬುವುದಿಲ್ಲ. ಸೆಪ್ಟಮ್‌ಗೆ (ರಬ್ಬರ್ ಮುಚ್ಚಳಕ್ಕೆ) ನಾಲ್ಕು ಸಲ ಸೂಜಿ ಚುಚ್ಚಿದ ಬಾಟಲಿ ಹಳೆಯ ಬಾಟಲಿಯೇ. ಲಿಥಿಯಂ ಕ್ಲೋರೈಡ್ ಕರಗಿಸಿದ ಟಿಎಚ್‌ಎಫ್‌ನಲ್ಲಿ ತೂಗಿದ ಅಯೋಡೀನ್ ಹಾಕಿ, ಕಂದು ಬಣ್ಣ ಹೋಗುವವರೆಗೆ ಕಾರಕ ಬಿಟ್ಟು ಟೈಟ್ರೇಷನ್ ಮಾಡುತ್ತೇನೆ; ಲೆಕ್ಕ ಒಂದು ಅಯೋಡೀನ್ ಅಣುವಿಗೆ ಒಂದು ಕಾರಕ. ಕಾರಕ ಕಡಿಮೆಯಾದರೆ ಅಯೋಡೈಡ್ ಉಳಿಯುತ್ತದೆ, ಹೆಚ್ಚಾದರೆ ಐಸೊಪ್ರೊಪೈಲ್ ಗುಂಪು ಆಮೇಲೆ ಹಾಕುವ ಆಲ್ಡಿಹೈಡ್‌ಗೆ ಅಂಟಿ ಕಲ್ಮಶವಾಗುತ್ತದೆ.

ವಿನಿಮಯ ಮುಗಿಯಿತೇ ಎಂದು ಗಡಿಯಾರ ನೋಡಿ ಹೇಳಬಾರದು. ಸಿರಿಂಜಿನಲ್ಲಿ ಒಂದೆರಡು ಹನಿ ತೆಗೆದು ಅಮೋನಿಯಂ ಕ್ಲೋರೈಡ್ ದ್ರಾವಣಕ್ಕೆ ಬಿಟ್ಟು, ಈಥೈಲ್ ಅಸಿಟೇಟ್‌ಗೆ ಎಳೆದು ಜಿಸಿಗೆ (ಗ್ಯಾಸ್ ಕ್ರೊಮ್ಯಾಟೋಗ್ರಫಿ ಯಂತ್ರಕ್ಕೆ) ಕೊಡುತ್ತೇನೆ. ಅಯೋಡೊ ಎಸ್ಟರ್ ಹೋಗಿ ಈಥೈಲ್ ಬೆಂಜೊಯೇಟ್ ಬಂದಿದ್ದರೆ ಕಾರಕ ಸಿದ್ಧ. ಟಿಎಲ್‌ಸಿಯಲ್ಲಿ (ತೆಳು ಪದರದ ಕ್ರೊಮ್ಯಾಟೋಗ್ರಫಿಯಲ್ಲಿ) ಇವೆರಡೂ ಅಕ್ಕಪಕ್ಕವೇ ಓಡುವುದರಿಂದ ಅದನ್ನು ನೆಚ್ಚುವುದಿಲ್ಲ. ಸುಮಾರು ಒಂದು ಗಂಟೆಯೊಳಗೆ ಇದು ಮುಗಿಯುತ್ತದೆ. ತಡಮಾಡದೆ ಹೊಸದಾಗಿ ಬಟ್ಟಿ ಇಳಿಸಿದ ಬೆಂಜಾಲ್ಡಿಹೈಡ್ 1.1 ಮಿಲಿಲೀಟರ್ ಹಾಕುತ್ತೇನೆ. ಆಲ್ಡಿಹೈಡ್ ಎಸ್ಟರ್‌ಗಿಂತ ಎಷ್ಟೋ ಚುರುಕು, ಈ ಚಳಿಯಲ್ಲಿ ಮೆಗ್ನೀಸಿಯಂ ಅದನ್ನೇ ಹಿಡಿಯುತ್ತದೆ. ಮುಗಿದ ಮೇಲೆ ತಣ್ಣಗಿರುವಾಗಲೇ ಕ್ವೆಂಚ್, ಅಂದರೆ ಉಳಿದ ಕಾರಕವನ್ನು ನಂದಿಸುವುದು. ‘ರೂಮ್ ಟೆಂಪರೇಚರಿಗೆ ಬರಲಿ’ ಎಂದು ಊಟಕ್ಕೆ ಹೋಗುವಂತಿಲ್ಲ. ರಾಯಚೂರಿನ ರೂಮ್ ಟೆಂಪರೇಚರ್ ಎಸ್ಟರ್‌ಗೆ ಆಗಿಬರುವುದಿಲ್ಲ.

ಇದೇ ಎಸ್ಟರ್ ಆರ್ಥೊ ಸ್ಥಾನದಲ್ಲಿದ್ದರೆ (ಉಂಗುರದಲ್ಲಿ ಅಯೋಡೀನ್‌ನ ಪಕ್ಕದಲ್ಲೇ) ಹುಟ್ಟಿದ ಆಲ್ಕಾಕ್ಸೈಡ್ ಅದರ ಮೇಲೆ ತಿರುಗಿ ಥಾಲೈಡ್ ಉಂಗುರ ಕಟ್ಟುವುದುಂಟು. ಅದು ಬೇಕಾದವರಿಗೆ ವರ.

ಒಎಚ್, ಎನ್‌ಎಚ್, ಕಾರ್ಬಾಕ್ಸಿಲಿಕ್ ಆಮ್ಲಗಳ ವಿಷಯ ಬೇರೆ. ಅಲ್ಲಿ ಚಳಿ ನೆರವಾಗದು, ಪ್ರೋಟಾನ್ ಮೊದಲು ಹೋಗಿಯೇ ಹೋಗುತ್ತದೆ. ಸಿಲೈಲ್ (ಸಿಲಿಕಾನ್ ಇರುವ ರಕ್ಷಕ ಗುಂಪು) ಹಾಕಿ ಮುಚ್ಚುವುದೋ, ಒಂದು ಸಮಾಂಶ (ಪ್ರೋಟಾನಿಗೊಂದರಂತೆ) ಅಗ್ಗದ ಗ್ರಿನ್ಯಾರ್ ಬಲಿಕೊಡುವುದೋ, ಅಣು ನೋಡಿ ತೀರ್ಮಾನ. ಉಂಗುರದ ಮೇಲೆಯೇ ಆಲ್ಡಿಹೈಡ್ ಅಥವಾ ಕೀಟೋನ್ ಇದ್ದರೆ ನಾನು ಸಾಹಸಕ್ಕೆ ಹೋಗದೆ ಅದನ್ನು ಅಸಿಟಾಲ್ (ಗ್ರಿನ್ಯಾರ್ ಮುಟ್ಟದ ರೂಪ) ಮಾಡಿಕೊಳ್ಳುತ್ತೇನೆ. ಆರ್ಥೊ ಸ್ಥಾನದಲ್ಲಿ ನೈಟ್ರೊ ಇರುವ ಅಯೋಡೈಡ್‌ಗೆ ಐಸೊಪ್ರೊಪೈಲ್ ಕಾರಕ ಬೇಡ, ಫೀನೈಲ್ ಮೆಗ್ನೀಸಿಯಂ ಕ್ಲೋರೈಡ್ ಬೇಕು. ಉಷ್ಣತೆಯೂ ಮೈನಸ್ 40ಕ್ಕೆ ಇಳಿಯಬೇಕು, ಅದಕ್ಕೆ ಐಸು ಉಪ್ಪು ಸಾಲದು. ನೈಟ್ರೈಲ್ ಅಷ್ಟು ಕಾಡುವುದಿಲ್ಲ: 4-ಬ್ರೋಮೊಬೆಂಜೊನೈಟ್ರೈಲ್‌ನ ಬ್ರೋಮೀನ್ ಟರ್ಬೊ ಕಾರಕದಿಂದ 0 ಡಿಗ್ರಿಯಲ್ಲೇ ಕೆಲವು ಗಂಟೆಗಳಲ್ಲಿ ವಿನಿಮಯವಾಗುತ್ತದೆ. ಹೊಸಬರಿಗೆ ನಾನು ಮೊದಲು ಕೊಡುವುದು ಅದನ್ನೇ, ಬರೀ ಐಸ್ ಇದ್ದರೆ ಸಾಕು.