ಲಾರಿ ತುಂಬ ಮನೆ ಸಾಮಾನು, ಮುಂದೆ 344 ಮೈಲಿ ನೆಬ್ರಾಸ್ಕ

ಅಮೆರಿಕದ ಡೆನ್ವರ್ ಬಿಟ್ಟು ನೆಬ್ರಾಸ್ಕ ರಾಜ್ಯದ ಒಮಾಹಕ್ಕೆ ಮನೆ ಬದಲಿಸಬೇಕಾಗಿ ಬಂದಾಗ ಸಾಗಣೆಯವರು ಹೇಳಿದ ದರ ಕೇಳಿ, ಲಾರಿ ಬಾಡಿಗೆಗೆ ಹಿಡಿದು ನಾನೇ ಓಡಿಸುವುದೆಂದು ತೀರ್ಮಾನಿಸಿದೆ. ಒಟ್ಟು ಸುಮಾರು 540 ಮೈಲಿ. ಸಹೋದ್ಯೋಗಿಗಳೆಲ್ಲ ಒಂದೇ ರಾಗ ಹಾಡಿದರು: ನೆಬ್ರಾಸ್ಕದಲ್ಲಿ ನೋಡುವುದಕ್ಕೇನೂ ಇಲ್ಲ, ಸ್ಟೀರಿಂಗ್ ಹಿಡಿದು ಕುಳಿತರೆ ಸಾಕು. ಗದಗಿನ ಎರೆಭೂಮಿಯಲ್ಲಿ ಬೆಳೆದವನಿಗೆ ಬಯಲೆಂದರೆ ಎಂಥ ಭಯ? ನಾನೂ ಉಡಾಫೆಯಿಂದಲೇ ಹೊರಟೆ. ಮಾರ್ಚ್ ತಿಂಗಳು. ಹೆಂಡತಿ ಮಗಳನ್ನು ಕೂರಿಸಿಕೊಂಡು ಕಾರಿನಲ್ಲಿ, ನಾನು ಇಪ್ಪತ್ತಡಿ ಲಾರಿಯಲ್ಲಿ.

ಹೊರಡುವ ಹಿಂದಿನ ರಾತ್ರಿ ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ಒಂದು ಚೀಟಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದು. ಇಂಟರ್‌ಸ್ಟೇಟ್ 80 ಹೆದ್ದಾರಿ (ಐ-80) ನೆಬ್ರಾಸ್ಕದ ಉದ್ದಕ್ಕೂ 455 ಮೈಲಿ ಓಡುತ್ತದೆ. ಪಶ್ಚಿಮದಲ್ಲಿ ವಯೋಮಿಂಗ್ ಗಡಿಯೇ ಸೊನ್ನೆ. ಅಲ್ಲಿಂದ ಪೂರ್ವಕ್ಕೆ ಮಿಸೌರಿ ನದಿಯವರೆಗೆ ಎಣಿಕೆ ಏರುತ್ತದೆ. ಹೆದ್ದಾರಿಯಿಂದ ಇಳಿಯುವ ಎಕ್ಸಿಟ್‌ಗಳ ಸಂಖ್ಯೆಯೂ ಅದೇ ಮೈಲಿ ಲೆಕ್ಕದ್ದು. ಡೆನ್ವರ್‌ನಿಂದ ಬರುವ ಐ-76 ಬಿಗ್ ಸ್ಪ್ರಿಂಗ್ಸ್ ಹತ್ತಿರ 102ರಲ್ಲಿ ಬಂದು ಸೇರುತ್ತದೆ. ಒಮಾಹದಲ್ಲಿ ನಾನು ಇಳಿಯಬೇಕಾದದ್ದು 446. ನಡುವೆ 126 ಒಗಲಾಲ, 177 ನಾರ್ತ್ ಪ್ಲಾಟ್, 272 ಕಾರ್ನಿ, 312 ಗ್ರ್ಯಾಂಡ್ ಐಲೆಂಡ್, 353 ಯಾರ್ಕ್. ನಮ್ಮ ಹಳದಿ ತಲೆಯ ಕಿಲೋಮೀಟರ್ ಕಲ್ಲು ಮುಂದಿನ ಊರು ಎಷ್ಟು ದೂರ ಎಂದು ತಾನೇ ಹೇಳಿಬಿಡುತ್ತದೆ. ಇಲ್ಲಿಯ ಹಸಿರು ಫಲಕ ಗಡಿಯಿಂದ ಎಷ್ಟು ಬಂದಿರಿ ಎಂದಷ್ಟೇ ಹೇಳುತ್ತದೆ. ಕಳೆಯುವ ಲೆಕ್ಕ ನಮ್ಮದು. ದಾರಿಯಲ್ಲಿ ಮೊಬೈಲ್ ಸತ್ತಾಗ ಆ ಚೀಟಿಯೇ ನನ್ನನ್ನು ಮುಟ್ಟಿಸಿತು.

ಬಯಲಿಗೆ ಹೆದರಬೇಕಿಲ್ಲ, ಆದರೆ ಗಾಳಿಗೆ ಹೆದರಬೇಕು. ಐ-80 ಸೇರಿದ ಹತ್ತು ನಿಮಿಷದಲ್ಲೇ ಬಡಗಣ ಗಾಳಿ ಎಡಗಡೆಯಿಂದ ಲಾರಿಯ ಪೆಟ್ಟಿಗೆಗೆ ಹೊಡೆಯತೊಡಗಿತು. ಅಂಚಿನಲ್ಲಿ ಕೊರೆದ ಗೀರುಗಳ ಮೇಲೆ ಚಕ್ರ ಹರಿದು ಗುರ್ ಎಂದಾಗಲೇ ನಾನು ಬಲಕ್ಕೆ ಸರಿದಿದ್ದೇನೆಂದು ತಿಳಿದದ್ದು. ಸ್ಟೀರಿಂಗನ್ನು ತುಸು ಎಡಕ್ಕೆ ಒತ್ತಿ ಹಿಡಿದೇ ನೇರ ಹೋಗಬೇಕು. ಇದು ಕೈಗೆ ರೂಢಿಯಾಗುವಷ್ಟರಲ್ಲಿ ಮೇಲ್ಸೇತುವೆಯೊಂದು ಬಂತು. ಅದರಡಿ ಗಾಳಿ ಥಟ್ಟನೆ ನಿಂತು, ಎಡಕ್ಕೆ ಒತ್ತಿದ್ದ ಲಾರಿ ಎಡಕ್ಕೇ ಹಾರಿತು. ಹೊರಬಿದ್ದ ಕ್ಷಣ ಮತ್ತೆ ಬಲಕ್ಕೆ ಗುದ್ದು. ಹದಿನೆಂಟು ಚಕ್ರದ ಲಾರಿ ಎಡಕ್ಕೆ ಬಂದು ದಾಟುವಾಗಲೂ ಇದೇ ಆಟ. ವೇಗದ ಮಿತಿ 75 ಇದ್ದರೂ ನಾನು 60 ದಾಟಲಿಲ್ಲ, ಸೇತುವೆ ಕಂಡೊಡನೆ ಕೈ ಸಡಿಲಿಸುವುದನ್ನು ಕಲಿತೆ. ಲಾರಿ ತುಂಬುವಾಗ ಪುಸ್ತಕ, ಅಕ್ಕಿ ಮೂಟೆ, ಗ್ರೈಂಡರ್ ಎಲ್ಲ ಕೆಳಗಿರಲಿ ಎಂದು ಹೆಂಡತಿ ಹಟ ಹಿಡಿದಿದ್ದಳು. ಆಗ ಗೊಣಗಿದ್ದೆ, ಆ ದಿನವೆಲ್ಲ ಆ ಗ್ರೈಂಡರಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಬಾಡಿಗೆ ಲಾರಿಯ ಗಾಜು ತೊಳೆಯುವ ನೀರಿನ ಡಬ್ಬಿ ಮಾತ್ರ ಖಾಲಿ. ಹೊರಡುವ ಮುನ್ನ ನೋಡದೆ ಇದ್ದದ್ದು ನನ್ನದೇ ತಪ್ಪು.

ಒಗಲಾಲದಲ್ಲಿ ಮಗಳು ಹಸಿವೆಂದು ಹಟ ಮಾಡಿದಳು. "ನೀವು ನಿಧಾನ ಬನ್ನಿ, ನಾವು ಮುಂದೆ ಹೋಗಿರುತ್ತೇವೆ. ಒಂದು ಗಂಟೆಗೆ ನಾರ್ತ್ ಪ್ಲಾಟ್‌ನ ಬಂಕಿನಲ್ಲಿ ಊಟ" ಎಂದು ಹೆಂಡತಿ ಹೊರಟಳು. ಡ್ಯಾಶ್‌ಬೋರ್ಡಿನ ಗಡಿಯಾರದಲ್ಲಿ ಒಂದಕ್ಕೆ ಐದು ನಿಮಿಷವಿರುವಾಗ ನಾನು ಬೀಗುತ್ತ ಬಂಕಿಗೆ ತಿರುಗಿದರೆ, ಅವಳು ಅಳುಮುಖ ಮಾಡಿಕೊಂಡು ರಸ್ತೆಯ ಕಡೆ ನೋಡುತ್ತ ನಿಂತಿದ್ದಾಳೆ. ಅವಳ ಮೊಬೈಲಿನಲ್ಲಿ ಎರಡಕ್ಕೆ ಐದು ನಿಮಿಷ! ನಡುವೆ ಪ್ಯಾಕ್ಸ್‌ಟನ್ ದಾಟಿದ ಮೇಲೆ ಕೌಂಟಿ ಗಡಿಯಲ್ಲಿ ಪರ್ವತ ವಲಯದ ಕಾಲಮಾನ ಮುಗಿದು ಮಧ್ಯ ವಲಯದ್ದು ಶುರುವಾಗುತ್ತದೆ. ಪೂರ್ವಕ್ಕೆ ಹೋಗುವವರ ಒಂದು ಗಂಟೆ ಕಳೆಯುತ್ತದೆ. ಮೊಬೈಲ್ ತಾನಾಗಿ ಬದಲಾಯಿತು, ಲಾರಿಯ ಗಡಿಯಾರ ಬದಲಾಗಲಿಲ್ಲ. ಊಟ ಮೌನವಾಗಿ ಮುಗಿಯಿತು.

ನಾರ್ತ್ ಪ್ಲಾಟ್‌ನಲ್ಲಿ ಯೂನಿಯನ್ ಪೆಸಿಫಿಕ್ ರೈಲು ಕಂಪನಿಯ ಬೇಯ್ಲಿ ಯಾರ್ಡ್ ಇದೆ. ಗೂಡ್ಸ್ ಬೋಗಿಗಳನ್ನು ಬೇರ್ಪಡಿಸಿ ಜೋಡಿಸುವ ಅಂಗಳಗಳಲ್ಲಿ ಜಗತ್ತಿನಲ್ಲೇ ದೊಡ್ಡದು. ಅಲ್ಲಿಂದ ಮುಂದೆ ಈ ದಾರಿಯ ಗುಟ್ಟು ಅರ್ಥವಾಗುತ್ತದೆ. ರಸ್ತೆ, ರೈಲು, ಹಳೆಯ ಲಿಂಕನ್ ಹೆದ್ದಾರಿ ಮೂರೂ ಹಿಡಿದಿರುವುದು ಪ್ಲಾಟ್ ನದಿಯ ಕಣಿವೆಯನ್ನೇ. ಅದಕ್ಕೂ ಮೊದಲು, 1840ರ ದಶಕದಿಂದ, ಓರೆಗನ್‌ಗೂ ಕ್ಯಾಲಿಫೋರ್ನಿಯಾಗೂ ಹೊರಟವರ ಎತ್ತಿನ ಬಂಡಿಗಳು ಹೋದದ್ದೂ ಇದರ ಪಕ್ಕದಲ್ಲೇ. ಎತ್ತಿಗೆ ನೀರು, ಮೇವು, ಏರಿಲ್ಲದ ನೆಲ ಬೇಕಿತ್ತು. ಎಂಜಿನಿಯರರಿಗೂ ಏರಿಲ್ಲದ ನೆಲವೇ ಹಿತ. ಬಿಗ್ ಸ್ಪ್ರಿಂಗ್ಸ್‌ನಿಂದ ಒಮಾಹಕ್ಕೆ ಎರಡು ಸಾವಿರ ಅಡಿಗೂ ಹೆಚ್ಚು ಇಳಿಯುತ್ತೇವೆ, ಆದರೆ ಇಳಿಜಾರು ಗೊತ್ತೇ ಆಗುವುದಿಲ್ಲ. ರಸ್ತೆ ಏರಿಸಲು ಜಲ್ಲಿ, ಮರಳು ಅಗೆದ ಗುಂಡಿಗಳೇ ಇಂದು ಪಕ್ಕದ ಕೆರೆಗಳು. ಜನ ಗಾಳ ಹಾಕಿ ಕೂತಿರುತ್ತಾರೆ.

ಗ್ರ್ಯಾಂಡ್ ಐಲೆಂಡ್ ದಾಟಿದ ಮೇಲೆ ಲಿಂಕನ್ ನಗರದ ಕಡೆಗೆ ಸುಮಾರು 72 ಮೈಲಿ ರಸ್ತೆ ಗೆರೆ ಎಳೆದ ಹಾಗೆ ನೇರ. ಇಲ್ಲಿ ಶತ್ರು ನಿದ್ದೆ. ಕಾಫಿ ನನಗೆ ಕೆಲಸ ಮಾಡಲಿಲ್ಲ. ಹುರಿದ ಶೇಂಗಾ ಮಾಡಿತು. ಸಿಪ್ಪೆ ಬಿಡಿಸುವ ಶೇಂಗಾ ಅಲ್ಲ, ಎರಡು ಕೈಯೂ ಸ್ಟೀರಿಂಗಿಗೆ ಬೇಕು. ಯಾರ್ಕ್‌ನಲ್ಲಿ ಇಳಿದು ಇಪ್ಪತ್ತು ನಿಮಿಷ ಸೀಟಿನಲ್ಲೇ ಮಲಗಿದೆ. ಲಿಂಕನ್ ನಂತರ ಮೂರು ಮೂರು ಸಾಲು, ಸಂಜೆಯ ವಾಹನ ದಟ್ಟಣೆ, ಹೇಳುವುದಕ್ಕೇನೂ ಇಲ್ಲ. ರಾತ್ರಿ ಊರಿನಿಂದ ಅಪ್ಪ ಫೋನಿನಲ್ಲಿ ಮೊದಲು ಕೇಳಿದ್ದು ಟೋಲ್ ಎಷ್ಟಾಯಿತು ಎಂದು. ಒಂದು ಪೈಸೆಯೂ ಇಲ್ಲ ಎಂದರೆ ನಂಬಲಿಲ್ಲ.

ಆಮೇಲೆ ಈ ದಾರಿಯಲ್ಲಿ ಹಲವು ಸಲ ಓಡಾಡಿದ್ದೇನೆ. ಒಂದು ಜನವರಿಯಲ್ಲಿ ಹಿಮಗಾಳಿಗೆ ರಸ್ತೆ ಮುಚ್ಚಿ, ನಾರ್ತ್ ಪ್ಲಾಟ್‌ನಲ್ಲಿ ರಸ್ತೆಗೆ ಹತ್ತುವ ಜಾಗಕ್ಕೆ ಗೇಟು ಇಳಿಸಿಬಿಟ್ಟಿದ್ದರು, ನಮ್ಮ ರೈಲ್ವೆ ಗೇಟಿನ ಹಾಗೆ. ಹೋಟೆಲಿನಲ್ಲಿ ಕೊನೆಯ ಕೋಣೆ ಸಿಕ್ಕಿದ್ದು ಅದೃಷ್ಟ. ಈಗ ಚಳಿಗಾಲದಲ್ಲಿ ರಸ್ತೆಯ ಸ್ಥಿತಿ ತಿಳಿಸುವ 511 ಸೇವೆಯನ್ನು ನೋಡದೆ ಮನೆ ಬಿಡುವುದಿಲ್ಲ. ಇನ್ನೊಂದು ಸಲ ಬೇಕೆಂದೇ ಪಶ್ಚಿಮಕ್ಕೆ ಸುತ್ತು ಹಾಕಿ ನೆಬ್ರಾಸ್ಕದ್ದೇ ಆದ ಸಿಡ್ನಿ ಎಂಬ ಊರಿನ ತನಕ ಹೋದೆ. 1974ರ ಅಕ್ಟೋಬರ್‌ನಲ್ಲಿ ನೆಬ್ರಾಸ್ಕದೊಳಗಿನ ಐ-80ರ ಕೊನೆಯ ತುಂಡು ಕೂಡಿದ್ದು ಅಲ್ಲಿ.

ಮೊದಲ ಸಲ ಕಾರ್ನಿ ದಾಟುವಾಗ ಕೊಯ್ದ ಮೆಕ್ಕೆಜೋಳದ ಹೊಲಗಳ ತುಂಬ ಬೂದು ಬಣ್ಣದ ಏನೋ ಕಾಣಿಸಿತ್ತು. ಗಾಳಿಯ ಜೊತೆ ಗುದ್ದಾಡುತ್ತಿದ್ದವನು ಕುರಿಗಳೆಂದುಕೊಂಡೆ. ಮನೆಗೆ ಬಂದ ಮೇಲೆ ಮಗಳು ಹೇಳಿದಳು: "ಅವು ಹಕ್ಕಿ ಅಪ್ಪಾ, ಹಾರಿದವು." ಸ್ಯಾಂಡ್‌ಹಿಲ್ ಸಾರಸಗಳು. ಪ್ರತಿ ವಸಂತದಲ್ಲೂ ಉತ್ತರಕ್ಕೆ ಹೋಗುವ ಮುನ್ನ ಲಕ್ಷಗಟ್ಟಲೆ ಇಲ್ಲಿಳಿದು ಬಿದ್ದ ಕಾಳು ಮೇಯುತ್ತವೆ, ರಾತ್ರಿ ನದಿಯ ಮರಳದಿಣ್ಣೆಗಳಲ್ಲಿ ನಿಂತು ಕಳೆಯುತ್ತವೆ. ಮರುವರ್ಷ ಮಾರ್ಚ್‌ನಲ್ಲಿ ಮಗಳನ್ನು ಕರೆದುಕೊಂಡು 272ರಲ್ಲಿ ಇಳಿದೆವು.