ಮಂಚದಡಿಯಿಂದ ಮಡಿಲಿನ ತನಕ: ಹೆದರಿದ ಬೆಕ್ಕನ್ನು ಒಲಿಸಿಕೊಳ್ಳುವ ಬಗೆ

ಬೀದಿಯಲ್ಲಿ ಬೆಳೆದು ವರ್ಷ ದಾಟಿದ ಬೆಕ್ಕನ್ನು ಮನೆಗೆ ತಂದವರು ಮೂರನೇ ದಿನಕ್ಕೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಮಂಚದಡಿಯಿಂದ ಹೊರಗೇ ಬರ್ತಿಲ್ಲ, ಏನು ಮಾಡೋದು?" ಮೊದಲು ಮಾಡಬೇಕಾದದ್ದು ಮಂಚದಡಿಗೆ ಕೈ ಹಾಕದೇ ಇರುವುದು. ಅಡಗಿದ ಬೆಕ್ಕನ್ನು ಒಮ್ಮೆ ಎಳೆದು ತೆಗೆದರೆ, ಅಡಗಿದರೂ ಈ ಮನೆಯಲ್ಲಿ ತನಗೆ ರಕ್ಷಣೆಯಿಲ್ಲ ಎಂದು ಅದು ಕಲಿಯುತ್ತದೆ. ಆ ಪಾಠ ಮರೆಸಲು ವಾರಗಳು ಬೇಕು.

ಮರಿಗಳ ಮಾತು ಬೇರೆ. ಹುಟ್ಟಿದ ಎರಡನೇ ವಾರದಿಂದ ಏಳನೇ ವಾರದೊಳಗೆ ದಿನವೂ ಮನುಷ್ಯರ ಕೈಯಲ್ಲಿ ಆಡಿದ ಮರಿ ಮನುಷ್ಯರನ್ನು ಸುಲಭವಾಗಿ ತನ್ನವರೆಂದು ಒಪ್ಪುತ್ತದೆ. ಆ ವಾರಗಳು ಕೈತಪ್ಪಿದ ಬೆಕ್ಕಿಗೆ ಅದನ್ನೇ ನಿಧಾನವಾಗಿ ಕಲಿಸಬೇಕು. ಬೀದಿಯಲ್ಲಿದ್ದಾಗ ಬಾಲವನ್ನು ನೆಟ್ಟಗೆ ಎತ್ತಿಕೊಂಡು ಜನರ ಕಡೆ ಬಂದು ಮಿಯಾಂವ್ ಎನ್ನುತ್ತಿದ್ದ ಬೆಕ್ಕಾದರೆ ಎರಡು ಮೂರು ವಾರ ಸಾಕಾಗಬಹುದು. ಜನರ ನೆರಳು ಕಂಡರೆ ಓಡುತ್ತಿದ್ದ ಬೆಕ್ಕಾದರೆ ಮೂರರಿಂದ ಆರು ತಿಂಗಳು ಎಂದೇ ಲೆಕ್ಕ ಹಾಕಿಕೊಳ್ಳಿ. ಮನುಷ್ಯರ ಸಂಪರ್ಕವೇ ಇಲ್ಲದೆ ದೊಡ್ಡದಾದ ಕೆಲವು ಬೆಕ್ಕುಗಳು ಕೊನೆಯವರೆಗೂ ಕೈಗೆ ಸಿಗುವುದಿಲ್ಲ. ಅಂಥವನ್ನು ಮನೆಯೊಳಗೆ ಕೂಡಿಹಾಕುವುದಕ್ಕಿಂತ ಸಂತಾನಹರಣ ಮಾಡಿಸಿ, ಇದ್ದ ಜಾಗದಲ್ಲೇ ಬಿಟ್ಟು ಊಟ ಹಾಕುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಇಡೀ ಮನೆಯನ್ನು ಮೊದಲ ದಿನವೇ ಬಿಟ್ಟುಕೊಡಬೇಡಿ. ಒಂದು ಕೋಣೆ ಸಾಕು, ಹತ್ತಡಿ ಹತ್ತಡಿಯದಾದರೂ ಸರಿ. ಅಡುಗೆಮನೆಯಿಂದ ದೂರದ್ದಾದರೆ ಉತ್ತಮ, ಏಕೆಂದರೆ ಕುಕ್ಕರ್ ಸೀಟಿ, ಮಿಕ್ಸಿ ಎರಡಕ್ಕೂ ಹೊಸ ಬೆಕ್ಕು ಬೆಚ್ಚಿಬೀಳುತ್ತದೆ. ಬೆಕ್ಕು ಬರುವ ಮೊದಲೇ ಮಂಚದಡಿಯನ್ನು ಸೂಟ್‌ಕೇಸು, ದಿಂಬುಗಳಿಂದ ಪೂರ್ತಿ ಮುಚ್ಚಿಬಿಡುತ್ತೇನೆ. ಹಾಗೆಂದು ಅಡಗುವ ಜಾಗವೇ ಇಲ್ಲದಂತೆ ಮಾಡಬಾರದು. ಮಂಚದಡಿಯ ಬದಲಿಗೆ ಗೋಡೆ ಪಕ್ಕ ಒಂದು ದೊಡ್ಡ ರಟ್ಟಿನ ಡಬ್ಬ ಇಡುತ್ತೇನೆ. ಎದುರುಬದುರು ಎರಡು ಬಾಯಿ, ಒಂದೊಂದು ಸುಮಾರು 18 ಸೆಂ.ಮೀ. ಅಗಲ, ಒಳಗೆ ಮನೆಯವರು ಉಟ್ಟು ಬಳಸಿದ ಹಳೆಯ ಹತ್ತಿ ಸೀರೆ ಅಥವಾ ಲುಂಗಿ. ಒಂದೇ ಬಾಯಿಯ ಡಬ್ಬದಲ್ಲಿ ಬೆಕ್ಕಿಗೆ ತಾನು ಸಿಕ್ಕಿಬಿದ್ದೆ ಎನಿಸುತ್ತದೆ, ಆಗ ಬುಸುಗುಟ್ಟುವುದು, ಪರಚುವುದು ಹೆಚ್ಚು. ಬಟ್ಟೆಯನ್ನು ಒಗೆದು ಹಾಕಬೇಡಿ. ನಿಮ್ಮ ಮೈವಾಸನೆಯ ಜೊತೆ ನಿದ್ದೆ ಮಾಡುವುದೇ ಪರಿಚಯದ ಮೊದಲ ಹೆಜ್ಜೆ. ಎತ್ತರದಲ್ಲೂ ಒಂದು ಜಾಗ ಬೇಕು, ಕಿಟಕಿ ಕಟ್ಟೆಯೋ ಸ್ಟೂಲೋ ಆದೀತು. ಮಲಮೂತ್ರಕ್ಕೆ ಇಡುವ ಲಿಟರ್ ಟ್ರೇ ಊಟದ ತಟ್ಟೆಯಿಂದ ಎರಡು ಮೀಟರಾದರೂ ದೂರವಿರಲಿ, ಒಳಗೆ ಐದಾರು ಸೆಂ.ಮೀ. ಮರಳು, ದಿನಕ್ಕೆ ಎರಡು ಸಲ ಶುಚಿ.

ನೆಲ ಒರೆಸುವ ಫಿನಾಯಿಲ್ ಬಗ್ಗೆ ಸ್ವಲ್ಪ ಒತ್ತಿ ಹೇಳಬೇಕು. ಬೆಕ್ಕಿನ ಯಕೃತ್ತಿಗೆ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಒಡೆದು ಹೊರಹಾಕುವ ಶಕ್ತಿ ಬಹಳ ಕಡಿಮೆ. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿದರೂ ವಿಷ ಮೈಗೇರುತ್ತದೆ. ವಾಸನೆಯಂತೂ ಅದಕ್ಕೆ ಹಿಂಸೆ, ತಾನು ಕೆನ್ನೆ ಉಜ್ಜಿ ಬಿಟ್ಟ ಗುರುತುಗಳೆಲ್ಲ ಅಳಿಸಿಹೋಗಿ ಕೋಣೆ ಮತ್ತೆ ಪರಕೀಯವಾಗುತ್ತದೆ. ಬೆಕ್ಕಿನ ಕೋಣೆಗೆ ಬಿಸಿನೀರು, ತುಸು ಸೋಪು ಸಾಕು.

ಮೊದಲ ಮೂರು ದಿನ ನಾನು ಮಾಡುವುದು ಕೋಣೆಯಲ್ಲಿ ಕೂರುವುದಷ್ಟೇ. ದಿನಕ್ಕೆ ಮೂರು ಸಲ, ಇಪ್ಪತ್ತಿಪ್ಪತ್ತು ನಿಮಿಷ, ನೆಲದ ಮೇಲೆ, ಡಬ್ಬಕ್ಕೆ ಪಕ್ಕ ತಿರುಗಿ. ನಿಂತ ಮನುಷ್ಯ ಬೆಕ್ಕಿಗೆ ಬೆಟ್ಟದಷ್ಟು ಎತ್ತರ. ಕೂತಾಗ ಪತ್ರಿಕೆಯನ್ನೋ ಪುಸ್ತಕವನ್ನೋ ಅದಕ್ಕೆ ಕೇಳುವಂತೆ ಮೆಲುದನಿಯಲ್ಲಿ ಓದಿ, ನಿಮ್ಮ ದನಿ ಅದರ ಕಿವಿಗೆ ಹಳತಾಗಲಿ. ದಿಟ್ಟಿಸಿ ನೋಡಬೇಡಿ, ಬೆಕ್ಕುಗಳಲ್ಲಿ ದಿಟ್ಟ ನೋಟವೆಂದರೆ ಜಗಳಕ್ಕೆ ಕರೆ. ಕಣ್ಣು ಸಂಧಿಸಿದರೆ ರೆಪ್ಪೆಗಳನ್ನು ನಿಧಾನವಾಗಿ ಅರೆಮುಚ್ಚಿ, ಒಂದು ಕ್ಷಣ ಹಾಗೇ ಇಟ್ಟು, ತೆರೆದು, ಮುಖ ಬೇರೆ ಕಡೆ ತಿರುಗಿಸಿ. ಇಂಗ್ಲೆಂಡಿನ ಸಸೆಕ್ಸ್ ಮತ್ತು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯಗಳ ಸಂಶೋಧಕರು 2020ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ಹೀಗೆ ರೆಪ್ಪೆ ಮುಚ್ಚಿದವರಿಗೆ ಬೆಕ್ಕುಗಳು ತಾವೂ ರೆಪ್ಪೆ ಮುಚ್ಚಿ ಉತ್ತರಿಸಿದವು. ಸುಮ್ಮನೆ ಕೈ ಚಾಚಿದ ಅಪರಿಚಿತರಿಗಿಂತ ರೆಪ್ಪೆ ಮುಚ್ಚಿ ಕೈ ಚಾಚಿದವರ ಹತ್ತಿರ ಹೆಚ್ಚು ಬಂದವು. ಡಬ್ಬದ ಕತ್ತಲೆಯಿಂದ ಆ ಮೊದಲ ಉತ್ತರ ಬಂದ ದಿನ ಕೆಲಸದ ಕಾಲುಭಾಗ ಮುಗಿಯಿತು ಎಂದುಕೊಳ್ಳಿ.

ಇನ್ನು ಊಟ. ತಟ್ಟೆ ಸದಾ ತುಂಬಿದ್ದರೆ ಬೆಕ್ಕು ರಾತ್ರಿ ಎರಡಕ್ಕೆ ಎದ್ದು ತಿಂದು ಮಲಗುತ್ತದೆ, ನಿಮಗೂ ಊಟಕ್ಕೂ ನಂಟು ಬೆಳೆಯುವುದೇ ಇಲ್ಲ. ದಿನದ ಪಾಲನ್ನು ಮೂರ್ನಾಲ್ಕು ಹೊತ್ತಿಗೆ ಹಂಚಿ. ಸುಮಾರು 4 ಕೆ.ಜಿ. ತೂಕದ ಬೆಕ್ಕಿಗೆ ಒಣ ಆಹಾರವಾದರೆ ದಿನಕ್ಕೆ 50ರಿಂದ 60 ಗ್ರಾಂ. ಪ್ರತಿ ಸಲ ನೀವೇ ತಂದಿಡಿ, ಇಡುವಾಗ ಹೆಸರು ಹಿಡಿದು ಕರೆಯಿರಿ. ಎರಡಕ್ಷರದ ಹೆಸರು ಸಾಕು, ಮನೆಯವರೆಲ್ಲ ಅದೊಂದನ್ನೇ ಬಳಸಬೇಕು. ಬೆಕ್ಕು ತನ್ನ ಹೆಸರನ್ನು ಬೇರೆ ಪದಗಳಿಂದ ಬೇರ್ಪಡಿಸಿ ಗುರುತಿಸುತ್ತದೆ ಎಂಬುದನ್ನು ಜಪಾನಿನ ಸಂಶೋಧಕರು 2019ರಲ್ಲಿ ತೋರಿಸಿದ್ದಾರೆ. ಬರುವುದು ಬಿಡುವುದು ಅದರ ಇಷ್ಟ, ಆದರೆ ಕೇಳಿಸಿಕೊಂಡಿರುತ್ತದೆ.

ತಟ್ಟೆಯನ್ನು ಮೊದಲು ಡಬ್ಬದ ಬಾಯಲ್ಲೇ ಇಡಿ. ನೀವು ಕೋಣೆಯಲ್ಲಿ ಕೂತಿರುವಾಗಲೇ ತಿನ್ನಲು ಶುರುಮಾಡಿತೇ? ಹಾಗಾದರೆ ಎರಡು ದಿನಕ್ಕೊಮ್ಮೆ ಒಂದು ಗೇಣಿನಷ್ಟು ನಿಮ್ಮ ಕಡೆ ಸರಿಸಿ. ಒಂದು ಹೊತ್ತು ತಟ್ಟೆ ಮುಟ್ಟಲಿಲ್ಲವೆಂದರೆ ಅವಸರ ಮಾಡಿದಿರಿ ಎಂದರ್ಥ, ಹಿಂದಿನ ಗೆರೆಗೆ ಮರಳಿ ಎರಡು ದಿನ ಅಲ್ಲೇ ನಿಲ್ಲಿ. ಹಸಿವೆಯಲ್ಲಿಟ್ಟು ಒಲಿಸುವ ಯೋಚನೆ ಮಾತ್ರ ಬೇಡವೇ ಬೇಡ. ಒಂದು ಇಡೀ ದಿನ ಏನೂ ತಿನ್ನದಿದ್ದರೆ ಪಶುವೈದ್ಯರಿಗೆ ಫೋನ್ ಮಾಡಿ. ಎರಡು ಮೂರು ದಿನ ಉಪವಾಸವಿದ್ದರೆ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಕ್ಕೇ ಕುತ್ತು ಬರಬಹುದು, ದಪ್ಪ ಬೆಕ್ಕಿಗಂತೂ ಇನ್ನೂ ಬೇಗ.

ಕೈಯಿಂದ ಕೊಡುವ ತಿನಿಸು ದಿನದ ಊಟಕ್ಕಿಂತ ರುಚಿಯಾದದ್ದಿರಬೇಕು. ಉಪ್ಪು ಹಾಕದೆ ಬೇಯಿಸಿದ ಕೋಳಿಯ ಎದೆಮಾಂಸವನ್ನು ಎಳೆ ಎಳೆ ಬಿಡಿಸಿ ಕಡಲೆಕಾಳಿನಷ್ಟು ತುಂಡು ಮಾಡಿಟ್ಟುಕೊಳ್ಳುತ್ತೇನೆ, ಒಂದು ಸಲಕ್ಕೆ ಆರೇಳು ತುಂಡು. ಕರಾವಳಿಯವರಿಗೆ ಬೂತಾಯಿ ಮೀನು ಇದ್ದೇ ಇದೆ, ಬೇಯಿಸಿ ಮುಳ್ಳು ಪೂರ್ತಿ ತೆಗೆದು ಕೊಡಿ. ಸಾರಿನಿಂದ ಎತ್ತಿ ಕೊಡಬೇಡಿ, ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹಾಲು ಕೊಟ್ಟು ಒಲಿಸುವುದು ನಮ್ಮಲ್ಲಿ ಹಳೆಯ ರೂಢಿ, ಆದರೆ ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಸುವಿನ ಹಾಲು ಅರಗದೆ ಭೇದಿಯಾಗುತ್ತದೆ. ಸಸ್ಯಾಹಾರಿ ಮನೆಗಳಲ್ಲಿ ಮೊಸರನ್ನದ ಮೇಲೇ ಬೆಕ್ಕು ಬೆಳೆಯುವುದನ್ನು ಕಂಡಾಗ ಸಂಕಟವಾಗುತ್ತದೆ. ಟಾರಿನ್ ಎಂಬ ಅಂಶ ಮಾಂಸದಿಂದಲೇ ಬರಬೇಕು, ಇಲ್ಲವೇ ಅದನ್ನು ಬೆರೆಸಿದ ಬೆಕ್ಕಿನ ಆಹಾರದಿಂದ. ಅದು ಸಿಗದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಮನೆಯಲ್ಲಿ ಮಾಂಸ ಬೇಯಿಸಲಾಗದಿದ್ದರೆ ಪ್ಯಾಕೆಟ್ಟಿನ ಆಹಾರವನ್ನಾದರೂ ತನ್ನಿ.

ಮುಟ್ಟುವ ಘಳಿಗೆ ಎಲ್ಲಕ್ಕಿಂತ ಸೂಕ್ಷ್ಮ. ತಿನಿಸು ತಿನ್ನಲು ಬೆಕ್ಕು ಒಂದಡಿ ದೂರದ ತನಕ ಬರುತ್ತಿದೆ ಎನ್ನಿ. ಆಗ ಕೈಯನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ, ತೋರುಬೆರಳೊಂದನ್ನು ಸಡಿಲವಾಗಿ ಚಾಚಿ, ಅದರ ಮೂಗಿನ ಎತ್ತರಕ್ಕೆ ಹಿಡಿಯಿರಿ, ಒಂದು ಗೇಣು ಬಿಟ್ಟು. ಅಲ್ಲಿಗೆ ನಿಲ್ಲಿಸಿ. ಉಳಿದ ಗೇಣನ್ನು ದಾಟಬೇಕಾದದ್ದು ಬೆಕ್ಕು. ಕತ್ತು ಚಾಚುತ್ತದೆ, ಹಿಂಗಾಲುಗಳು ಮಾತ್ರ ಓಡಲು ಸಿದ್ಧವಾಗಿ ಹಿಂದೆಯೇ ಊರಿರುತ್ತವೆ. ಮೀಸೆ ಮುಂದಕ್ಕೆ ಬಾಗಿ ಬೆರಳಿಗೆ ತಾಗುತ್ತದೆ, ಮೂಗಿನ ತಣ್ಣನೆಯ ತೇವ ಒಂದು ಕ್ಷಣ ಹತ್ತುತ್ತದೆ. ಆಮೇಲೆ ಅದು ಮುಖ ತಿರುಗಿಸಿ ಬಾಯಂಚಿನಿಂದ ಕೆನ್ನೆಯ ತನಕ ಬೆರಳಿಗೆ ಉಜ್ಜಿದರೆ ಒಪ್ಪಿಗೆ ಕೊಟ್ಟಿತು. ಮೂಸಿ ಹಿಂದೆ ಸರಿದರೆ ಕೈಯನ್ನೂ ಹಿಂದೆ ತನ್ನಿ, ತಿನಿಸು ಇಡಿ, ಆ ಹೊತ್ತಿಗೆ ಅಷ್ಟೇ.

ಒಪ್ಪಿಗೆ ಸಿಕ್ಕಿದಾಗ ಕೆನ್ನೆ, ಗದ್ದದ ಕೆಳಗೆ, ಕಿವಿಯ ಬುಡ, ಈ ಮೂರೇ ಜಾಗ. ವಾಸನೆ ಬಿಡುವ ಗ್ರಂಥಿಗಳು ಮುಖದ ಈ ಭಾಗದಲ್ಲಿವೆ. ಮೂರು ಸಲ ಸವರಿ ಕೈ ತೆಗೆಯಿರಿ, ಮೂರು ಸೆಕೆಂಡು ಕಾಯಿರಿ. ಮತ್ತೆ ತಲೆಯೊತ್ತಿ ಬಂದರೆ ಇನ್ನೊಂದು ಮೂರು ಸಲ. ಈ ಬಿಡುವು ಕೊಡುವುದೇ ಇಡೀ ಕ್ರಮದ ಜೀವಾಳ. ಅದಕ್ಕೆ ಸಾಕೆನಿಸುವ ಮೊದಲೇ ನೀವು ಕೈ ತೆಗೆದರೆ ನಾಳೆ ತಾನಾಗಿ ಬರುತ್ತದೆ. ಸಾಕೆನಿಸಿದ ಮೇಲೂ ಸವರುತ್ತಿದ್ದರೆ ಅದು ಹಲ್ಲಿನಿಂದ ಹೇಳಬೇಕಾಗುತ್ತದೆ. ನೆತ್ತಿಯ ಮೇಲಿಂದ ಇಳಿದುಬರುವ ಕೈ, ಹೊಟ್ಟೆ, ಬಾಲದ ಬುಡ ಇವು ಬೇಡ. ಅಂಗಾತ ಮಲಗಿ ಹೊಟ್ಟೆ ತೋರಿಸಿದರೆ ನಿಮ್ಮೆದುರು ಭಯವಿಲ್ಲ ಎಂದಷ್ಟೇ ಅರ್ಥ, ಮುಟ್ಟಲು ಕರೆದದ್ದಲ್ಲ.

ಕಚ್ಚುವ ಮೊದಲು ಬೆಕ್ಕು ನಾಲ್ಕಾರು ಸಲ ಎಚ್ಚರಿಸುತ್ತದೆ, ನಾವೇ ಗಮನಿಸುವುದಿಲ್ಲ. ಬಾಲದ ತುದಿ ಟಪಟಪ ಬಡಿಯುತ್ತದೆ, ಬೆನ್ನ ಮೇಲಿನ ಚರ್ಮ ಅಲೆಯೆದ್ದಂತೆ ನಡುಗುತ್ತದೆ, ಕಿವಿ ಪಕ್ಕಕ್ಕೆ ಚಪ್ಪಟೆಯಾಗುತ್ತದೆ, ಕಣ್ಣಿನ ಪಾಪೆ ದೊಡ್ಡದಾಗುತ್ತದೆ, ತಲೆ ಥಟ್ಟನೆ ಕೈಯ ಕಡೆ ತಿರುಗುತ್ತದೆ. ಇವುಗಳಲ್ಲಿ ಒಂದು ಕಂಡರೂ ಕೈ ನಿಲ್ಲಲಿ. ಸುಖದಿಂದ ಗುರ್‌ಗುಟ್ಟುತ್ತಿದೆಯಲ್ಲ ಎಂದು ಮುಂದುವರಿಸಬೇಡಿ, ನೋವಿನಲ್ಲೂ ಭಯದಲ್ಲೂ ಬೆಕ್ಕು ಗುರ್‌ಗುಟ್ಟುವುದುಂಟು. ಕಚ್ಚಿಯೋ ಪರಚಿಯೋ ರಕ್ತ ಬಂದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ವೈದ್ಯರಲ್ಲಿಗೆ ಹೋಗಿ ರೇಬೀಸ್ ಚುಚ್ಚುಮದ್ದಿನ ಬಗ್ಗೆ ಕೇಳಿ. ಬೆಕ್ಕನ್ನು ಬೈಯುವುದು, ಮೂಗಿಗೆ ತಟ್ಟುವುದು, ನೀರು ಎರಚುವುದು ಯಾವುದೂ ಬೇಡ. ತಾನು ಮಾಡಿದ್ದಕ್ಕೆ ಶಿಕ್ಷೆ ಎಂದು ಅದಕ್ಕೆ ತಿಳಿಯುವುದಿಲ್ಲ, ನೀವು ಹತ್ತಿರ ಬಂದರೆ ಕೆಟ್ಟದ್ದಾಗುತ್ತದೆ ಎಂದು ಮಾತ್ರ ತಿಳಿಯುತ್ತದೆ.

ಮುಟ್ಟಿಸಿಕೊಳ್ಳದ ಬೆಕ್ಕು ಕೂಡ ಆಟಕ್ಕೆ ಬರುತ್ತದೆ. ಎರಡೂವರೆ ಮೂರಡಿಯ ಕೋಲಿಗೆ ದಾರ, ತುದಿಗೆ ಬಟ್ಟೆಯ ಚೂರು ಅಥವಾ ಗರಿ ಕಟ್ಟಿ. ಇಲಿಯೇನೂ ಬೆಕ್ಕಿನ ಮುಖಕ್ಕೆ ಹಾರಿ ಬರುವುದಿಲ್ಲವಲ್ಲ. ಆದ್ದರಿಂದ ಗರಿಯನ್ನು ಅದರಿಂದ ದೂರಕ್ಕೆ ಎಳೆಯಿರಿ, ಬಾಗಿಲ ಮರೆಗೆ ನುಸುಳಿಸಿ, ನಿಲ್ಲಿಸಿ, ಮತ್ತೆ ಮಿಸುಕಾಡಿಸಿ. ದಿನಕ್ಕೆರಡು ಸಲ ಐದರಿಂದ ಹತ್ತು ನಿಮಿಷ. ಕೊನೆಯಲ್ಲಿ ಹಿಡಿಯಲು ಬಿಟ್ಟು, ಕೂಡಲೇ ಊಟ ಹಾಕಿ. ಆಟ ಮುಗಿದೊಡನೆ ಕೋಲು, ದಾರ ಕಪಾಟಿಗೆ ಸೇರಲಿ, ನುಂಗಿದ ದಾರ ಕರುಳನ್ನು ಸುಕ್ಕುಗಟ್ಟಿಸಿ ಕೊಯ್ಯುತ್ತದೆ. ಬೆರಳುಗಳನ್ನೇ ಆಟಿಕೆ ಮಾಡಿ ಆಡಿಸಿದ ಮರಿ ದೊಡ್ಡದಾದ ಮೇಲೂ ಕೈಯನ್ನು ಬೇಟೆಯೆಂದೇ ಹಿಡಿಯುತ್ತದೆ.

ಒಲಿದ ಬೆಕ್ಕು ಹಿಂದೆ ಸರಿಯುವುದು ಹೆಚ್ಚಾಗಿ ಎರಡು ಸಂದರ್ಭಗಳಲ್ಲಿ. ಒಂದು, ಆಸ್ಪತ್ರೆಯಿಂದ ಬಂದ ದಿನ. ಬೆಕ್ಕನ್ನು ಒಯ್ಯುವ ಪೆಟ್ಟಿಗೆಯನ್ನು, ಅಂದರೆ ಕ್ಯಾರಿಯರನ್ನು, ಅಟ್ಟದಲ್ಲಿಟ್ಟು ಆಸ್ಪತ್ರೆಗೆ ಹೋಗುವ ದಿನ ಮಾತ್ರ ಇಳಿಸಿದರೆ ಅದನ್ನು ಕಂಡೊಡನೆ ಬೆಕ್ಕು ಮಾಯ. ಮೊದಲ ದಿನದಿಂದಲೇ ಬಾಗಿಲು ತೆಗೆದು ಕೋಣೆಯಲ್ಲೇ ಇಡಿ, ದಿನಕ್ಕೊಂದು ತುಂಡು ಮಾಂಸ ಅದರೊಳಗೆ ಹಾಕಿ. ಇನ್ನೊಂದು, ದೀಪಾವಳಿ. ಪಟಾಕಿಯ ದಿನಗಳಲ್ಲಿ ಬೆಕ್ಕನ್ನು ಮತ್ತೆ ಅದೇ ಮೊದಲ ಕೋಣೆಗೆ ಸೇರಿಸಿ, ಕಿಟಕಿ ಮುಚ್ಚಿ, ಪರದೆ ಎಳೆದು, ಫ್ಯಾನ್ ಹಾಕಿ. ಡಬ್ಬ ಅಲ್ಲೇ ಇರಲಿ, ಮೂರು ತಿಂಗಳಾಯಿತೆಂದು ರದ್ದಿಗೆ ಹಾಕಬೇಡಿ. ಇವೆರಡೂ ಇಲ್ಲದೆ, ಒಲಿದಿದ್ದ ಬೆಕ್ಕು ಇದ್ದಕ್ಕಿದ್ದಂತೆ ಮುಟ್ಟಿಸಿಕೊಳ್ಳದೆ ಅಡಗಿದರೆ ಅದು ಮುನಿಸಲ್ಲ, ಎಲ್ಲೋ ನೋವಿರಬಹುದು. ಹಲ್ಲು, ಮೂತ್ರ, ಕೀಲು ಮೂರನ್ನೂ ವೈದ್ಯರಿಂದ ನೋಡಿಸಿ. ಗಂಡು ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ತಿಣುಕಿದರೂ ಮೂತ್ರ ಬರದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ಹೊರಡಿ. ಮನೆಯಲ್ಲಿರುವ ಪ್ಯಾರಸಿಟಮಾಲ್ ಕೊಡಲೇಬೇಡಿ, ಒಂದು ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು.

ಮಡಿಲಿಗೆ ಬರುವುದು ಕೊನೆಯ ಮಾತು. ಎತ್ತಿ ಕೂರಿಸಿಕೊಂಡದ್ದು ಲೆಕ್ಕಕ್ಕಿಲ್ಲ. ನೆಲದ ಮೇಲೆ ಕಾಲು ಚಾಚಿ ಕೂತು ತೊಡೆಯ ಮೇಲೆ ಅದೇ ಹಳೆಯ ಸೀರೆಯ ತುಂಡು ಹಾಸಿಕೊಳ್ಳಿ. ಮೊದಲ ಸಲ ಎರಡು ಮುಂಗಾಲು ಮಾತ್ರ ಇಡುತ್ತದೆ, ಇಳಿಯುತ್ತದೆ. ನಾಲ್ಕೂ ಕಾಲಿಟ್ಟು ಹತ್ತಿದ ದಿನ ನಿಮ್ಮ ಎರಡೂ ಕೈ ನೆಲದ ಮೇಲೇ ಇರಲಿ. ಅದು ಸುತ್ತು ಹೊಡೆಯುತ್ತದೆ, ಬಟ್ಟೆಯನ್ನು ಮುಂಗಾಲಿನಿಂದ ನಾದುತ್ತದೆ, ಉಗುರು ತೊಡೆಗೆ ಚುಚ್ಚುತ್ತದೆ, ಕೊನೆಗೆ ಕೂರುತ್ತದೆ. ತೊಡೆಯ ಮೇಲೆ ಅದರ ಭಾರ ಪೂರ್ತಿ ಇಳಿದದ್ದು ತಿಳಿಯುತ್ತದೆ. ಆಮೇಲೆ ಒಂದು ಬೆರಳು, ಗದ್ದದ ಕೆಳಗೆ.